ಇರುವ ಲೈನಿನಿಂದಲೇ ಹೊಸ ಪ್ಲಗ್ ಪಾಯಿಂಟ್: ಮಲೆನಾಡಿನ ಮನೆಗೆ ಸಮಗ್ರ ಮಾರ್ಗದರ್ಶಿ

ಹೊಸ ಪ್ಲಗ್ ಪಾಯಿಂಟ್ ಹಾಕಿದ ಮೇಲೆ ಬರುವ ದೂರುಗಳು ಹೆಚ್ಚುಕಡಿಮೆ ಒಂದೇ ತರ. ಮಿಕ್ಸಿ ಹಾಕಿದರೆ ನಡುಮನೆಯ ದೀಪ ಮಂಕಾಗುತ್ತದೆ. ಇಸ್ತ್ರಿ ಪೆಟ್ಟಿಗೆ ಚುಚ್ಚಿದ ಕೂಡಲೇ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್ಚು) ಬೀಳುತ್ತದೆ. ಫ್ರಿಜ್ಜಿನ ಬಾಗಿಲು ಮುಟ್ಟಿದರೆ ಬೆರಳು ಜುಮ್ ಅನ್ನುತ್ತದೆ. ಸಾಕೆಟ್ ಸರಿ ಇಲ್ಲ ಅಂತ ಬಿಚ್ಚಿ ಬೇರೆ ಹಾಕುತ್ತಾರೆ, ಮತ್ತೆ ಅದೇ ಕತೆ.

ಸಾಕೆಟ್ಟಿನಲ್ಲಿ ತಪ್ಪಿರುವುದು ಅಪರೂಪ. ಲೈನನ್ನು ಎಲ್ಲಿಂದ ತೆಗೆದರು, ಅಲ್ಲಿ ಅರ್ಥ್ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವೈರು) ನಿಜವಾಗಿಯೂ ಇತ್ತಾ ಅನ್ನುವುದನ್ನು ನೋಡದೆ ಗೋಡೆ ಕೊರೆಯಲು ಹೊರಟಿರುತ್ತಾರೆ. ಅದಕ್ಕೇ ಇಲ್ಲಿ ಅರ್ಧಕ್ಕರ್ಧ ವಿಷಯ ಸ್ಕ್ರೂಡ್ರೈವರ್ ಹಿಡಿಯುವ ಮುಂಚಿನದು.

## ಮೊದಲು: ಯಾವ ಕೆಲಸ ನಿಮ್ಮದು, ಯಾವುದು ವೈರ್‌ಮನ್‌ದು

ಬಲ್ಬು, ಫ್ಯೂಸು, ಕೆಟ್ಟ ಸ್ವಿಚ್ಚು ಬದಲಾಯಿಸಲು ಯಾರ ಅಪ್ಪಣೆಯೂ ಬೇಡ. ಹೊಸ ಪಾಯಿಂಟ್ ಸೇರಿಸುವುದು ಹಾಗಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳ ಪ್ರಕಾರ, ಇರುವ ವೈರಿಂಗಿಗೆ ಸೇರ್ಪಡೆ ಮಾಡುವ ಕೆಲಸ ಲೈಸೆನ್ಸ್ ಇರುವ ಕಂಟ್ರಾಕ್ಟರ್ ಮೂಲಕ, ಪರ್ಮಿಟ್ ಇರುವ ವೈರ್‌ಮನ್ ಕೈಯಲ್ಲಿ ಆಗಬೇಕು. ಹಾಗಾಗಿ ಜಾಗ ಗುರುತಿಸುವುದು, ಲೆಕ್ಕ ಹಾಕುವುದು, ಸಾಮಾನು ತರುವುದು, ಪೈಪಿಗೆ ಗೋಡೆ ಕೊರೆಯುವುದು ನಿಮ್ಮ ಪಾಲು. ಬೋರ್ಡು ಬಿಚ್ಚಿ ವೈರ್ ಸೇರಿಸುವುದು ಅವರ ಪಾಲು. ಆ ಹಂತವನ್ನೂ ಕೆಳಗೆ ಬಿಡಿಸಿ ಬರೆದಿದ್ದೇನೆ. ಪಕ್ಕದಲ್ಲಿ ನಿಂತು ನೋಡುವವರಿಗೆ ಏನು ನೋಡಬೇಕು ಅಂತ ಗೊತ್ತಿದ್ದರೆ ಕೆಲಸ ತಾನಾಗಿ ನೇರ ಆಗುತ್ತದೆ.

## 1. ಅಲ್ಲಿ ಏನು ಚುಚ್ಚುತ್ತೀರಿ?

ವಸ್ತುವಿನ ಹಿಂದೆ ಬರೆದಿರುವ ವ್ಯಾಟನ್ನು 230ರಿಂದ ಭಾಗಿಸಿ. ಬರುವುದೇ ಆಂಪ್. 750 ವ್ಯಾಟಿನ ಮಿಕ್ಸಿಗೆ ಸುಮಾರು 3.3 ಆಂಪ್, 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆಗೆ 4.3, 2000 ವ್ಯಾಟಿನ ಇಂಡಕ್ಷನ್ ಒಲೆಗೆ 8.7, 3000 ವ್ಯಾಟಿನ ಗೀಸರಿಗೆ 13.

6 ಆಂಪಿನ ಸಣ್ಣ ಸಾಕೆಟ್ 1380 ವ್ಯಾಟ್ ತನಕ. 16 ಆಂಪಿನ ದೊಡ್ಡದು 3680 ವ್ಯಾಟ್ ತನಕ. ಫೋನ್ ಚಾರ್ಜರ್, ಟಿವಿ, ಮಿಕ್ಸಿ, ಟೇಬಲ್ ಫ್ಯಾನ್ ಆದರೆ ಇರುವ ಲೈನಿನಿಂದ ಪಾಯಿಂಟ್ ತೆಗೆಯುವ ಮಾತಾಡಬಹುದು. ಗೀಸರ್, ಇಂಡಕ್ಷನ್ ಒಲೆ, ರೂಮ್ ಹೀಟರ್, ಬಾವಿಯ ಮೋಟಾರು, ಅಡಿಕೆ ಸುಲಿಯುವ ಯಂತ್ರ ಇಂಥವಕ್ಕೆ ಆ ಮಾತೇ ಬೇಡ. ಅವುಗಳಿಗೆ ಡಿಬಿಯಿಂದಲೇ (ಮನೆಯ ಎಲ್ಲ ಲೈನು ಹೊರಡುವ ಪೆಟ್ಟಿಗೆ) ಬೇರೆ ಎಂಸಿಬಿ (ಹೆಚ್ಚು ಕರೆಂಟು ಹರಿದರೆ ತಾನಾಗಿ ಬೀಳುವ ಸ್ವಿಚ್ಚು), ಬೇರೆ ಲೈನ್. ಮೋಟಾರಿನದು ಇನ್ನೂ ಒಂದು ರಗಳೆ: ಹೊರಡುವ ಕ್ಷಣದಲ್ಲಿ ಓಡುವಾಗಿನ ಹಲವು ಪಟ್ಟು ಕರೆಂಟು ಎಳೆಯುತ್ತದೆ. ದೊಡ್ಡ ಲೋಡ್ ಹಾಕುವುದಾದರೆ ಬಿಲ್ಲಿನಲ್ಲಿ ಮಂಜೂರಾದ ಕಿಲೋವ್ಯಾಟ್ ಎಷ್ಟಿದೆ ನೋಡಿ. ಸಾಲದಿದ್ದರೆ ಮೊದಲು ಮೆಸ್ಕಾಂನಲ್ಲಿ ಹೆಚ್ಚಿಸಿಕೊಳ್ಳಬೇಕು.

## 2. ಯಾವ ಲೈನಿನಿಂದ ತೆಗೆಯುವುದು?

ಹತ್ತಿರ ಇರುವ ಬೋರ್ಡಿನಿಂದ ಎಳೆದುಬಿಡುವುದು ಎಲ್ಲರೂ ಮಾಡುವ ಕೆಲಸ. ಹತ್ತಿರ ಇದೆ ಅನ್ನುವುದು ಕಾರಣ ಆಗಬಾರದು.

ಮನೆಯ ದೀಪ, ಫ್ಯಾನ್ ಎಲ್ಲ ಹಾಕಿಡಿ. ಒಂದೊಂದೇ ಎಂಸಿಬಿ ಇಳಿಸಿ, ಯಾವುದು ಆರಿತು ಅಂತ ಬರೆದುಕೊಳ್ಳಿ. ಪ್ಲಗ್ ಪಾಯಿಂಟುಗಳಿಗೆ ಟೇಬಲ್ ಲ್ಯಾಂಪ್ ಚುಚ್ಚಿ ನೋಡಿ. ಆ ಚೀಟಿಯನ್ನು ಡಿಬಿ ಬಾಗಿಲಿನ ಒಳಗೆ ಅಂಟಿಸಿದರೆ ಮುಂದೆ ಹತ್ತು ವರ್ಷ ಉಪಯೋಗಕ್ಕೆ ಬರುತ್ತದೆ.

ಆಮೇಲೆ ಮೇನ್ ಸ್ವಿಚ್ ಇಳಿಸಿ. ಇನ್ನೂ ಉರಿಯುತ್ತಿರುವ ದೀಪಗಳು ಇನ್ವರ್ಟರ್ ಲೈನಿನವು. ಆ ಲೈನಿಗೆ ಹೊಸ ಪಾಯಿಂಟ್ ಬೇಡ. ಇವತ್ತು ಬರೀ ಚಾರ್ಜರ್ ಅಂತ ಹಾಕುತ್ತೀರಿ, ನಾಳೆ ನೆಂಟರು ಬಂದು ಅಲ್ಲೇ ಇಸ್ತ್ರಿ ಪೆಟ್ಟಿಗೆ ಚುಚ್ಚುತ್ತಾರೆ.

ಈಗ ಎಂಸಿಬಿ ಮತ್ತು ವೈರ್ ಎರಡನ್ನೂ ಒಟ್ಟಿಗೆ ನೋಡಿ. 1.5 ಚದರ ಮಿಲಿಮೀಟರ್ ತಾಮ್ರದ ವೈರು, 10 ಆಂಪಿನ ಎಂಸಿಬಿ ಇದ್ದರೆ ಒಂದು 6 ಆಂಪಿನ ಪಾಯಿಂಟ್ ಸೇರಿಸಬಹುದು. ಅದೂ ಆ ಲೈನಿನ ಹಳೇ ಲೋಡ್ ಕೂಡಿಸಿ ಜಾಗ ಉಳಿದಿದ್ದರೆ. 16 ಆಂಪಿನ ಪಾಯಿಂಟಿಗೆ ಕಡಿಮೆ ಅಂದರೆ 2.5ರ ವೈರು, 16 ಅಥವಾ 20 ಆಂಪಿನ ಎಂಸಿಬಿ ಬೇಕು. ವೈರಿನ ಅಳತೆ ಅದರ ಸಿಪ್ಪೆಯ ಮೇಲೆ ಅಚ್ಚಾಗಿರುತ್ತದೆ.

ಎಂಸಿಬಿ ಇರುವುದು ಗೋಡೆಯೊಳಗಿನ ವೈರನ್ನು ಕಾಯಲು. ಪದೇ ಪದೇ ಬೀಳ್ತಿದೆ ಅಂತ 10ರ ಜಾಗಕ್ಕೆ 32ರದ್ದು ಹಾಕಿದರೆ ಎಂಸಿಬಿ ಬೀಳುವುದು ನಿಲ್ಲುತ್ತದೆ, ವೈರು ಬೇಯಲು ಶುರುವಾಗುತ್ತದೆ. ಹಳೇ ಕಿಟ್‌ಕ್ಯಾಟ್ ಫ್ಯೂಸಿಗೆ ದಪ್ಪ ತಂತಿ ಸುತ್ತುವುದೂ ಇದೇ ಕೆಲಸ.

### ಇಲ್ಲಿಗೇ ನಿಲ್ಲಿಸಬೇಕಾದ ಮನೆಗಳು

ಹಳೇ ತೊಟ್ಟಿ ಮನೆಗಳಲ್ಲಿ ಮರದ ಪಟ್ಟಿಯ ಮೇಲೆ ಕ್ಲಿಪ್ ಹೊಡೆದು ಓಡಿಸಿದ ವೈರ್ ಇನ್ನೂ ಇದೆ. ಬೋರ್ಡು ಬಿಚ್ಚಿದಾಗ ಬಟ್ಟೆ ಅಥವಾ ರಬ್ಬರ್ ಸಿಪ್ಪೆಯ ವೈರು ಕಂಡರೆ, ಸ್ವಲ್ಪ ಬಗ್ಗಿಸಿದರೂ ಸಿಪ್ಪೆ ಪುಡಿಯಾಗಿ ಉದುರಿದರೆ, ಅದಕ್ಕೆ ಏನನ್ನೂ ಸೇರಿಸಬೇಡಿ. ಆ ಲೈನನ್ನೇ ಹೊಸದಾಗಿ ಎಳೆಸಿ.

ಒಳಗಿನ ತಂತಿ ಬೆಳ್ಳಗಿದ್ದರೆ ಅಲ್ಯೂಮಿನಿಯಂ ಇರಬಹುದು. ಅದಕ್ಕೆ ತಾಮ್ರ ಹೆಣೆದು ಟೇಪ್ ಸುತ್ತಿದರೆ ನಮ್ಮ ಕಡೆಯ ತೇವಕ್ಕೆ ಆ ಜಾಯಿಂಟ್ ಬೇಗ ಕಿಲುಬು ಹಿಡಿದು ಸಡಿಲಾಗಿ ಕಾಯುತ್ತದೆ. ಅದನ್ನೂ ಬದಲಾಯಿಸಬೇಕು, ಬೇರೆ ದಾರಿ ಇಲ್ಲ.

ಹಳೇ ಮೇನ್ ಬೋರ್ಡುಗಳಲ್ಲಿ ಫೇಸಿಗೂ (ಕರೆಂಟು ತರುವ ವೈರು) ನ್ಯೂಟ್ರಲ್ಲಿಗೂ (ವಾಪಸ್ ಒಯ್ಯುವ ವೈರು) ಒಂದೊಂದು ಫ್ಯೂಸ್ ಇರುವುದುಂಟು. ನ್ಯೂಟ್ರಲ್ ಫ್ಯೂಸ್ ಹೋದರೆ ದೀಪ ಆರುತ್ತದೆ, ಆದರೆ ವೈರಿನಲ್ಲಿ ಕರೆಂಟು ಹಾಗೇ ಇರುತ್ತದೆ. ದೀಪ ಆರಿದೆ ಅಂತ ಕೈ ಹಾಕಿದವರಿಗೆ ಷಾಕ್. ಮೊದಲು ಆ ಬೋರ್ಡು ಬದಲಾಗಲಿ.

ಮನೆಗೆ ಮೂರು ಫೇಸ್ ಬಂದಿದ್ದರೆ, ಒಂದು ಬೋರ್ಡಿನಲ್ಲಿ ಎರಡು ಬೇರೆ ಫೇಸ್ ಸೇರದಂತೆ ವೈರ್‌ಮನ್‌ಗೆ ಮೊದಲೇ ಹೇಳಿ. ಎರಡು ಫೇಸಿನ ನಡುವೆ 230 ಅಲ್ಲ, ಸುಮಾರು 400 ವೋಲ್ಟ್ ಇರುತ್ತದೆ.

## 3. ಅರ್ಥ್ ಇದೆಯಾ?

ಮೂರು ತೂತಿನ ಸಾಕೆಟ್ ಇದೆ ಅಂದ ಮಾತ್ರಕ್ಕೆ ಮೂರನೇ ತೂತಿಗೆ ವೈರ್ ಇದೆ ಅಂತ ಅಲ್ಲ. ಬಿಚ್ಚಿ ನೋಡಿದರೆ ಎಷ್ಟೋ ಮನೆಗಳಲ್ಲಿ ಮೇಲಿನ ದೊಡ್ಡ ತೂತು ಖಾಲಿ ಇರುತ್ತದೆ.

ಖಾಲಿಗಿಂತ ಕೆಟ್ಟದ್ದು ಇನ್ನೊಂದಿದೆ. ಅರ್ಥ್ ವೈರ್ ಸಿಗಲಿಲ್ಲ ಅಂತ ಸಾಕೆಟ್ಟಿನ ಹಿಂದೆ ಅಂಗುಲದಷ್ಟು ವೈರು ಹಾಕಿ ನ್ಯೂಟ್ರಲ್ಲನ್ನೇ ಅರ್ಥಿಗೆ ಸೇರಿಸಿರುತ್ತಾರೆ. ಎಲ್ಲ ಸರಿ ಇರುವ ತನಕ ಏನೂ ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ಕಂಬದಿಂದ ಬರುವ ನ್ಯೂಟ್ರಲ್ ಕಡಿಯಿತು ಅಂತಿಟ್ಟುಕೊಳ್ಳಿ. ಆಗ ಫೇಸಿನ ಕರೆಂಟು ಮನೆಯ ಬಲ್ಬು, ಟಿವಿ ಮೂಲಕ ಹಾದು ಈ ತುಂಡು ವೈರಿನಿಂದ ಫ್ರಿಜ್ಜಿನ ಮೈಗೆ ಬರುತ್ತದೆ. ಫ್ರಿಜ್ಜಿನ ಸ್ವಿಚ್ ಆಫ್ ಇದ್ದರೂ ಬರುತ್ತದೆ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಬಾಗಿಲು ತೆಗೆಯುವವರ ಗತಿ ಏನು? ಅಂಥ ತುಂಡು ಕಂಡರೆ ತೆಗೆಸಲೇಬೇಕು.

ಅರ್ಥ್ ವೈರು ನೆಲಕ್ಕೆ ಇಳಿಯುವ ಗುಂಡಿಯನ್ನೂ ನೋಡಿ. ಜಂಬಿಟ್ಟಿಗೆ ನೆಲ ಮಳೆಗಾಲದಲ್ಲಿ ನೀರು ಕುಡಿದಿರುತ್ತದೆ, ಮಾರ್ಚ್ ಹೊತ್ತಿಗೆ ಒಣಗಿ ಗಟ್ಟಿಯಾಗುತ್ತದೆ. ಒಣ ನೆಲದಲ್ಲಿ ಅರ್ಥ್ ಕೆಲಸ ಮಾಡುವುದು ತೀರಾ ಕಡಿಮೆ. ಬೇಸಿಗೆಯಲ್ಲಿ ಗುಂಡಿಗೆ ಆಗಾಗ ನೀರು ಹಾಕಬೇಕು. ಪೈಪಿಗೆ ವೈರ್ ಬಿಗಿದಿರುವ ಬೋಲ್ಟು ತುಕ್ಕು ಹಿಡಿದಿದ್ದರೆ ಬದಲಾಯಿಸಿ. ಅಳತೆ ತೆಗೆಯಲು ವೈರ್‌ಮನ್ ಬಳಿ ಅರ್ಥ್ ಟೆಸ್ಟರ್ ಇರುತ್ತದೆ, ಕೇಳಿ ಮಾಡಿಸಿ. ಬೇಸಿಗೆಯಲ್ಲೇ ಮಾಡಿಸಿ. ಮಳೆಗಾಲದ ಅಳತೆ ನಂಬಿ ಕೂರಬೇಡಿ.

ಡಿಬಿಯಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ ಇಲ್ಲದಿದ್ದರೆ ಹೊಸ ಪಾಯಿಂಟಿನ ಜೊತೆಗೇ ಹಾಕಿಸಿ. ಅರ್ಥ್ ಸ್ವಲ್ಪ ದುರ್ಬಲ ಇದ್ದರೂ ಅದು ಜೀವ ಉಳಿಸಬಲ್ಲದು. ಆದರೆ ಅದು ಅರ್ಥಿಗೆ ಬದಲಿ ಅಲ್ಲ, ಎರಡೂ ಬೇಕು.

## 4. ಜಾಗ ಮತ್ತು ದಾರಿ

ಬಚ್ಚಲಿನ ಒಳಗೆ ಬೇಡ. ಹಂಡೆ ಒಲೆಯ ಮೇಲೆ, ಪಾತ್ರೆ ತೊಳೆಯುವ ಜಾಗದ ಪಕ್ಕ ಬೇಡ. ಗ್ಯಾಸ್ ಒಲೆಯ ನೇರಕ್ಕೂ ಬೇಡ. ಮಳೆ ಇರಚಲು ಹೊಡೆಯುವ ಗೋಡೆಯನ್ನು ಬಿಟ್ಟುಬಿಡಿ. ಆಗಸ್ಟಿನಲ್ಲಿ ಅಂಗೈ ಇಟ್ಟು ನೋಡಿದಾಗ ತಣ್ಣಗೆ ಬೆವರುವ ಗೋಡೆ ಯಾವುದು ಅಂತ ಮನೆಯವರಿಗೆ ಗೊತ್ತೇ ಇರುತ್ತದೆ.

ಪೈಪಿನ ದಾರಿ ಯಾವಾಗಲೂ ನೇರ ಮೇಲಕ್ಕೆ, ಇಲ್ಲ ನೇರ ಅಡ್ಡಕ್ಕೆ. ಓರೆಯಾಗಿ ಓಡಿಸಿದರೆ ಮುಂದೆ ಯಾರೋ ದೇವರ ಫೋಟೋಗೆ ಮೊಳೆ ಹೊಡೆದಾಗ ಆ ಮೊಳೆ ನೇರ ಫೇಸಿಗೆ ಹೋಗುತ್ತದೆ. ಕೊರೆಯುವ ಮೊದಲು ಹಳೇ ಪೈಪು ಎಲ್ಲಿದೆ ನೋಡಿ. ಇರುವ ಬೋರ್ಡುಗಳ ನೇರ ಮೇಲೆ ಕೆಳಗೆ ಪೈಪ್ ಇದ್ದೇ ಇದೆ ಅಂತ ಇಟ್ಟುಕೊಳ್ಳಿ.

ಇಟ್ಟಿಗೆ, ಸಿಮೆಂಟ್ ಗೋಡೆ ಆದರೆ ಕೊರೆದು ಪೈಪ್ ಹೂಳಬಹುದು. ಮಣ್ಣಿನ ಗೋಡೆ ಆದರೆ ಕೊರೆಯಲೇಬೇಡಿ. ಮೇಲ್ಗಡೆಯೇ ಪಿವಿಸಿ ಪೈಪ್ ಓಡಿಸಿ ಸ್ಯಾಡಲ್ (ಪೈಪನ್ನು ಗೋಡೆಗೆ ಹಿಡಿಸುವ ಪಟ್ಟಿ) ಹೊಡೆಯಿರಿ. ಜಂಬಿಟ್ಟಿಗೆ ಕಲ್ಲೂ ಅಷ್ಟೇ, ಅಂಚಿನಲ್ಲಿ ಕೊರೆದರೆ ಮುಕ್ಕಾಗುತ್ತದೆ, ಸ್ಕ್ರೂ ಹಿಡಿಯುವುದಿಲ್ಲ. ನೋಡಲು ಚೆನ್ನಾಗಿಲ್ಲ ಅನ್ನುವವರು ಇದ್ದಾರೆ. ಮೇಲಿನ ಪೈಪು ಕಣ್ಣಿಗೆ ಕಾಣುತ್ತದೆ, ತೇವ ಹಿಡಿಯುವುದಿಲ್ಲ, ನಾಳೆ ಬಿಚ್ಚುವುದೂ ಸುಲಭ. ನನ್ನ ಮತ ಅದಕ್ಕೇ. ಅಟ್ಟದ ಮರ, ಮರದ ಕಂಬದ ಮೇಲೆ ಮಾತ್ರ ಬರೀ ವೈರ್ ಓಡಿಸಬೇಡಿ, ಅಲ್ಲಿ ಜಾಯಿಂಟೂ ಬೇಡ.

ಕಾಲ ಯಾವುದು ಅಂತ ಕೇಳಿದರೆ, ದೀಪಾವಳಿ ಕಳೆದ ಮೇಲೆ. ಮಳೆಗಾಲದಲ್ಲಿ ಕೊರೆದು ಮೆತ್ತಿದ ಗಾರೆ ವಾರಗಟ್ಟಲೆ ಹಸಿಯಾಗಿಯೇ ಇರುತ್ತದೆ.

## 5. ಸಾಮಾನು

ಸಲಕರಣೆ: ಮಲ್ಟಿಮೀಟರ್, ಹಿಡಿಯಿಂದ ತುದಿಯ ಹತ್ತಿರದ ತನಕ ಪ್ಲಾಸ್ಟಿಕ್ ಇರುವ ಸ್ಕ್ರೂಡ್ರೈವರು, ಕಟಿಂಗ್ ಪ್ಲೇಯರ್, ಸಿಪ್ಪೆ ತೆಗೆಯುವ ಸ್ಟ್ರಿಪ್ಪರ್, ಪೈಪಿನಲ್ಲಿ ವೈರ್ ಎಳೆಯುವ ಸ್ಪ್ರಿಂಗ್, ತಲೆಗೆ ಕಟ್ಟುವ ಟಾರ್ಚು. ಕರೆಂಟ್ ತೆಗೆದ ಮೇಲೆ ಬೆಳಕು ಬೇಕಲ್ಲ.

ವೈರು ಐಎಸ್ಐ ಗುರುತಿನ ತಾಮ್ರದ್ದು, ಮೂರು ಬಣ್ಣ: ಫೇಸಿಗೆ ಕೆಂಪು, ನ್ಯೂಟ್ರಲ್ಲಿಗೆ ಕಪ್ಪು, ಅರ್ಥಿಗೆ ಹಸಿರು. ಅರ್ಥಿನ ವೈರೂ ಫೇಸಿನಷ್ಟೇ ಅಳತೆಯದ್ದು ಇರಲಿ. ಅಂಗಡಿಯಲ್ಲಿ ಹಸಿರು ಮುಗಿದಿದೆ, ಕೆಂಪೇ ಹಾಕಿ ಅಂದರೆ ಬೇರೆ ಅಂಗಡಿಗೆ ಹೋಗಿ. ಸಾಕೆಟ್ ಶಟರ್ (ತೂತನ್ನು ಒಳಗಿನಿಂದ ಮುಚ್ಚುವ ಪರದೆ) ಇರುವುದೇ ಆಗಲಿ, ಮಕ್ಕಳಿರುವ ಮನೆಗೆ ಅದೇ ಸರಿ.

ಪೈಪಿಗೆ ಬೇಕಾಗುವ ಬೆಂಡು, ಗೋಡೆಯ ಮೆಟಲ್ ಬಾಕ್ಸು ಅಥವಾ ಮೇಲಿನ ಗ್ಯಾಂಗ್ ಬಾಕ್ಸು, ಸ್ಯಾಡಲ್, ಸ್ಕ್ರೂ ಎಲ್ಲ ಮೊದಲೇ ತಂದಿಡಿ. ಬೋರ್ಡು ಬಿಚ್ಚಿಟ್ಟು ತೀರ್ಥಹಳ್ಳಿ ಪೇಟೆಗೆ ಓಡುವಂತೆ ಆಗಬಾರದು.

## 6. ಪೈಪು, ಬಾಕ್ಸು, ವೈರು

ಈ ಹಂತದಲ್ಲಿ ಹಳೇ ಬೋರ್ಡನ್ನು ಮುಟ್ಟುವುದೇ ಇಲ್ಲ. ಬಾಕ್ಸ್ ಕೂರಿಸಿ, ಪೈಪ್ ಹಾಕಿ, ಮೂರು ವೈರ್ ಎಳೆದು ಎರಡೂ ತುದಿಯಲ್ಲಿ ಗೇಣುದ್ದ ಬಿಟ್ಟಿರಿ. ಪೈಪಿನ ಒಳಗೆ ಎಲ್ಲೂ ಜಾಯಿಂಟ್ ಬೇಡ. ವೈರ್ ಸಾಲದೆ ಬಂದರೆ ಪೂರ್ತಿ ತೆಗೆದು ಹೊಸ ತುಂಡು ಎಳೆಯಿರಿ.

ಮೆಟಲ್ ಬಾಕ್ಸಿನ ತೂತಿನ ಅಂಚು ಚೂಪಾಗಿರುತ್ತದೆ. ಪೈಪು ಬಾಕ್ಸಿನೊಳಗೆ ಸ್ವಲ್ಪ ಬಂದು ನಿಲ್ಲಬೇಕು, ಇಲ್ಲದಿದ್ದರೆ ಅಂಚು ಸಿಪ್ಪೆಯನ್ನು ಕೊರೆಯುತ್ತದೆ. ಬಾಕ್ಸಿಗೂ ಅರ್ಥ್ ಕೊಡಬೇಕು.

## 7. ಕರೆಂಟ್ ತೆಗೆಯುವುದು

ಮಳೆಗಾಲದಲ್ಲಿ ಕರೆಂಟು ಹೋಗಿ ದಿನಗಟ್ಟಲೆ ಬರದೇ ಇರುವುದು ನಮಗೆ ಹೊಸತಲ್ಲ. "ಹೇಗೂ ಕರೆಂಟಿಲ್ವಲ್ಲ, ಈಗಲೇ ಬೋರ್ಡು ಬಿಚ್ಚಿಬಿಡುವ" ಅನ್ನುವವರು ಪ್ರತಿ ಊರಿನಲ್ಲೂ ಇದ್ದಾರೆ. ಲೈನ್‌ಮನ್ ಎಲ್ಲೋ ಘಾಟಿಯ ಕೆಳಗೆ ಮರ ತೆಗೆದು ಲೈನ್ ಕೊಟ್ಟರೆ ನಿಮಗೆ ಹೇಳಿ ಕೊಡುವುದಿಲ್ಲ. ಕರೆಂಟು ಹೋಗಿರುವುದು ಬೇರೆ, ನೀವು ತೆಗೆದಿರುವುದು ಬೇರೆ.

ಕ್ರಮ ಹೀಗಿರಲಿ. ಮೊದಲು ಮೇನ್ ಸ್ವಿಚ್ ಇಳಿಸಿ. ಆಮೇಲೆ ಇನ್ವರ್ಟರ್ ಸ್ವಿಚ್ ಆಫ್ ಮಾಡಿ, ಅದರ ಔಟ್‌ಪುಟ್ ಪ್ಲಗ್ಗನ್ನೂ ಕಿತ್ತಿಡಿ. ಹಳೇ ಬೋರ್ಡುಗಳಲ್ಲಿ ಇನ್ವರ್ಟರ್ ವೈರು ಮೇನ್ ವೈರಿನ ಪಕ್ಕದಲ್ಲೇ ಇರುತ್ತದೆ. ಜನರೇಟರ್, ಸೋಲಾರ್ ಇದ್ದರೆ ಅವೂ ಬಂದ್. ಮೇನ್ ಸ್ವಿಚ್ಚಿಗೆ ಟೇಪ್ ಸುತ್ತಿ "ಕೆಲಸ ನಡೆಯುತ್ತಿದೆ, ಹಾಕಬೇಡಿ" ಅಂತ ಚೀಟಿ ಅಂಟಿಸಿ. ಅಡುಗೆಮನೆಯಿಂದ ಅಮ್ಮ ಬಂದು "ಇದ್ಯಾಕೆ ಬಿದ್ದಿದೆ" ಅಂತ ಎತ್ತಿಬಿಡುತ್ತಾರೆ, ಅಲ್ವಾ?

ಈಗ ಕರೆಂಟ್ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಸ್ಕ್ರೂಡ್ರೈವರ್ ತರದ ನಿಯಾನ್ ಟೆಸ್ಟರನ್ನು ಇದಕ್ಕೆ ನಂಬಬೇಡಿ. ಒಣ ಮರದ ಸ್ಟೂಲಿನ ಮೇಲೆ ನಿಂತರೆ ಕರೆಂಟ್ ಇದ್ದರೂ ಅದು ಮಂಕಾಗಿ ಉರಿದು ಹಗಲಲ್ಲಿ ಕಾಣದೇ ಹೋಗಬಹುದು. ಮಲ್ಟಿಮೀಟರನ್ನು ಏಸಿ ವೋಲ್ಟಿಗೆ ಇಡಿ. ಮೇನ್ ಇಳಿಸುವ ಮುಂಚೆ ಒಂದು ಸಾಕೆಟ್ಟಿನಲ್ಲಿ ಅಳೆದು ಮೀಟರ್ ಸರಿ ಇದೆ ಅಂತ ನೋಡಿಕೊಂಡಿರಿ. ಇಳಿಸಿದ ಮೇಲೆ ಬಿಚ್ಚುವ ಬೋರ್ಡಿನಲ್ಲಿ ಫೇಸ್–ನ್ಯೂಟ್ರಲ್, ಫೇಸ್–ಅರ್ಥ್, ನ್ಯೂಟ್ರಲ್–ಅರ್ಥ್ ಮೂರನ್ನೂ ಅಳೆಯಿರಿ. ಮೂರೂ ಸೊನ್ನೆ ಬರಬೇಕು. ಕೊನೆಗೆ ಮೀಟರನ್ನು ಕರೆಂಟ್ ಇರುವ ಬೇರೆ ಕಡೆ, ಉದಾಹರಣೆಗೆ ಪಕ್ಕದ ಮನೆಯ ಸಾಕೆಟ್ಟಿನಲ್ಲಿ, ಮತ್ತೊಮ್ಮೆ ನೋಡಿ. ಮಧ್ಯದಲ್ಲಿ ಮೀಟರೇ ಕೆಟ್ಟಿದ್ದರೆ ಆಗ ಗೊತ್ತಾಗುತ್ತದೆ.

## 8. ವೈರ್ ಸೇರಿಸುವುದು

ಬಿಚ್ಚುವ ಮೊದಲು ಬೋರ್ಡಿನ ಹಿಂಭಾಗದ ಫೋಟೋ ತೆಗೆದಿಟ್ಟುಕೊಳ್ಳಿ.

ಮೊದಲು ಅರ್ಥ್, ಆಮೇಲೆ ನ್ಯೂಟ್ರಲ್, ಕೊನೆಗೆ ಫೇಸ್. ಫೇಸನ್ನು ಹಳೇ ಸ್ವಿಚ್ಚಿಗೆ ಬರುವ ಕಡೆಯಿಂದ ತೆಗೆಯಬೇಕು. ಸ್ವಿಚ್ಚಿನಿಂದ ಹೊರಡುವ ಕಡೆಯಿಂದ ತೆಗೆದರೆ ಟ್ಯೂಬ್‌ಲೈಟ್ ಹಾಕಿದಾಗ ಮಾತ್ರ ನಿಮ್ಮ ಹೊಸ ಪಾಯಿಂಟಿಗೆ ಕರೆಂಟ್ ಬರುತ್ತದೆ!

ಫೇಸ್ ಯಾವ ಲೈನಿನದೋ ನ್ಯೂಟ್ರಲ್ ಕೂಡ ಅದೇ ಲೈನಿನದು. ಅತಿ ಜಾಸ್ತಿ ಎಡವುವುದು ಇಲ್ಲೇ. ಆರ್‌ಸಿಸಿಬಿ ಮಾಡುವುದು ಇಷ್ಟೇ: ಹೋದ ಕರೆಂಟು ತನ್ನ ಮೂಲಕವೇ ವಾಪಸ್ ಬಂತಾ ಅಂತ ಲೆಕ್ಕ ನೋಡುವುದು. ಫೇಸ್ ಒಂದು ಕಡೆಯಿಂದ, ನ್ಯೂಟ್ರಲ್ ಇನ್ನೊಂದು ಆರ್‌ಸಿಸಿಬಿಯ ಲೈನಿನಿಂದ ಅಥವಾ ಇನ್ವರ್ಟರ್ ಲೈನಿನಿಂದ ಎರವಲು ತಂದರೆ ಲೆಕ್ಕ ತಪ್ಪುತ್ತದೆ. ಲೋಡ್ ಹಾಕಿದ ಕ್ಷಣವೇ ಬೀಳುತ್ತದೆ. ಆಗ ಆರ್‌ಸಿಸಿಬಿಯೇ ಹಾಳು ಅಂತ ಅದನ್ನು ತೆಗೆದು ನೇರ ಕೊಡುತ್ತಾರೆ. ಅದಕ್ಕಿಂತ ದೊಡ್ಡ ಅನಾಹುತ ಇಲ್ಲ.

ಸಿಪ್ಪೆ ಸುಮಾರು ಒಂದು ಸೆಂಟಿಮೀಟರ್ ತೆಗೆದರೆ ಸಾಕು. ಎಳೆಗಳನ್ನು ಒಟ್ಟಿಗೆ ಹೊಸೆಯಿರಿ, ಒಂದೂ ಹೊರಗೆ ಉಳಿಯಬಾರದು. ಸಣ್ಣ ವೈರಾದರೆ ತುದಿ ಮಡಚಿ ಹಾಕಿ, ಸ್ಕ್ರೂ ಗಟ್ಟಿ ಕಚ್ಚುತ್ತದೆ. ಬಿಗಿದ ಮೇಲೆ ಒಂದೊಂದು ವೈರನ್ನೂ ಹಿಡಿದು ಎಳೆದು ನೋಡಿ. ಕೈಗೆ ಬಂದರೆ ಈಗಲೇ ಬರಲಿ. ಸಡಿಲ ಸ್ಕ್ರೂವೇ ಮುಂದೆ ಸಾಕೆಟ್ ಕರಗಿಸುವುದು.

ಸಾಕೆಟ್ಟನ್ನು ಎದುರಿನಿಂದ ನೋಡಿದಾಗ ಮೇಲಿನ ದೊಡ್ಡ ತೂತು ಅರ್ಥ್, ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್. ಹಿಂದಿನಿಂದ ವೈರ್ ಕೊಡುವಾಗ ಎಡಬಲ ತಿರುವುಮುರುವು ಆಗುತ್ತದೆ. ಹಿಂದೆ ಅಚ್ಚಾಗಿರುವ ಅಕ್ಷರ ನೋಡಿಯೇ ಕೊಡಿ. ಹೊಸ ಪಾಯಿಂಟಿನ ಸ್ವಿಚ್ ಫೇಸಿನ ಮೇಲೆಯೇ ಇರಬೇಕು. ನ್ಯೂಟ್ರಲ್ ಮೇಲಿದ್ದರೆ ಆಫ್ ಮಾಡಿದರೂ ಸಾಕೆಟ್ಟಿನಲ್ಲಿ ಜೀವ ಇರುತ್ತದೆ.

## 9. ಪರೀಕ್ಷೆ

ಕರೆಂಟ್ ಕೊಡುವ ಮುಂಚೆ ವೈರ್‌ಮನ್ ಹೊಸ ವೈರಿಗೆ ಮೆಗ್ಗರ್ (ಸಿಪ್ಪೆ ಸರಿ ಇದೆಯಾ ಅಂತ ಅಳೆಯುವ ಮೀಟರು) ಹಿಡಿಯಲಿ. 500 ವೋಲ್ಟಿನ ಮೆಗ್ಗರಿನಲ್ಲಿ 1 ಮೆಗಾ ಓಮಿಗಿಂತ ಕಡಿಮೆ ಬಂದರೆ ಎಲ್ಲೋ ಸಿಪ್ಪೆ ಹರಿದಿದೆ, ಇಲ್ಲ ನೀರು ಸೇರಿದೆ.

ಕರೆಂಟ್ ಕೊಟ್ಟ ಮೇಲೆ ಸಾಕೆಟ್ಟಿನಲ್ಲಿ ಅಳತೆ. ಬಲ–ಎಡ 230ರ ಆಸುಪಾಸು. ಸಂಜೆ ಹೊತ್ತು ಹಳ್ಳಿಗಳಲ್ಲಿ ಇನ್ನೂ ಕಡಿಮೆ ತೋರಿಸಬಹುದು. ಬಲ–ಮೇಲೆ ಹೆಚ್ಚುಕಡಿಮೆ ಅಷ್ಟೇ. ಎಡ–ಮೇಲೆ ಬೆರಳೆಣಿಕೆ ವೋಲ್ಟ್. ಎಡ–ಮೇಲೆ 230 ಬಂದರೆ ಫೇಸು ನ್ಯೂಟ್ರಲ್ ಅದಲುಬದಲಾಗಿದೆ. ಜೋರು ಲೋಡ್ ಹಾಕಿದಾಗಲೂ ಎಡ–ಮೇಲೆ ಒಂಚೂರೂ ಕದಲದೆ ಸೊನ್ನೆಯೇ ಇದ್ದರೆ, 3ನೇ ಭಾಗದಲ್ಲಿ ಹೇಳಿದ, ನ್ಯೂಟ್ರಲ್ಲನ್ನು ಅರ್ಥಿಗೆ ಸೇರಿಸುವ ತುಂಡು ವೈರಿನ ಕಿತಾಪತಿ ಇದೆಯಾ ಅಂತ ಬಿಚ್ಚಿ ನೋಡಿಸಿ. ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿದರೆ ತಕ್ಷಣ ಬೀಳಬೇಕು. ಇದನ್ನು ತಿಂಗಳಿಗೊಮ್ಮೆ ಮಾಡಿ.

ಕೊನೆಗೆ ಇಸ್ತ್ರಿ ಪೆಟ್ಟಿಗೆ ಹಾಕಿ ಕಾಲು ಗಂಟೆ ಬಿಡಿ. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಸಾಕೆಟ್ಟಿನ ಮುಖ ಮತ್ತು ಲೈನ್ ತೆಗೆದ ಹಳೇ ಬೋರ್ಡು ಎರಡನ್ನೂ ಮುಟ್ಟಿ ನೋಡಿ. ಹೊಸದನ್ನು ಎಲ್ಲರೂ ನೋಡುತ್ತಾರೆ, ಹಳೇದನ್ನು ಮರೆಯುತ್ತಾರೆ. ಬಿಸಿ ಇದ್ದರೆ ಸ್ಕ್ರೂ ಸಡಿಲ.

## 10. ಆಮೇಲೆ ಕಣ್ಣಿಡಬೇಕಾದದ್ದು

ಸುಟ್ಟ ಮೀನಿನಂಥ ವಾಸನೆ, ಸಾಕೆಟ್ಟಿನ ಸುತ್ತ ಹಳದಿ ಅಥವಾ ಕಂದು ಕಲೆ, ಚಿಟಿಚಿಟಿ ಸದ್ದು: ಎಂಸಿಬಿ ಇಳಿಸಿ ವೈರ್‌ಮನ್‌ಗೆ ಫೋನ್ ಮಾಡಿ. ಮನೆಯಲ್ಲಿ ಕೆಲವು ದೀಪ ಅತಿ ಪ್ರಕಾಶವಾಗಿ, ಕೆಲವು ಮಂಕಾಗಿ ಉರಿದರೆ ಹೊರಗೆ ನ್ಯೂಟ್ರಲ್ ಕಡಿದಿರಬಹುದು. ಮೇನ್ ಇಳಿಸಿ ವಿದ್ಯುತ್ ಸಹಾಯವಾಣಿ 1912ಕ್ಕೆ ತಿಳಿಸಿ. ಯಾರಿಗಾದರೂ ಷಾಕ್ ಹೊಡೆದು ಹಿಡಿದುಕೊಂಡಿದ್ದರೆ ಅವರನ್ನು ಮುಟ್ಟುವ ಮೊದಲು ಮೇನ್ ಇಳಿಸಿ, ಆಮೇಲೆ 108.

ಆರ್‌ಸಿಸಿಬಿ ಮಳೆ ಬಂದಾಗ ಮಾತ್ರ ಬೀಳುತ್ತಿದ್ದರೆ ಎಲ್ಲೋ ಬಾಕ್ಸಿಗೆ ನೀರು ಇಳಿಯುತ್ತಿದೆ. ಒಂದೊಂದೇ ಎಂಸಿಬಿ ಇಳಿಸಿ ಹುಡುಕಿ. ಹೀಗೆ ಮಾಡಿ ಸಿಗದಿದ್ದರೆ ಸೋರಿಕೆ ನ್ಯೂಟ್ರಲ್ಲಿನಲ್ಲಿ ಇರಬಹುದು, ಆಗ ವೈರ್‌ಮನ್ ನ್ಯೂಟ್ರಲ್‌ಗಳನ್ನು ಒಂದೊಂದಾಗಿ ಬಿಚ್ಚಿ ನೋಡಬೇಕಾಗುತ್ತದೆ.

ಬೇಸಿಗೆ ಮಳೆಯ ಗುಡುಗು ಶುರುವಾಯಿತು ಅಂದರೆ ಟಿವಿ, ಫ್ರಿಜ್ಜಿನ ಪ್ಲಗ್ ಕೀಳಿ. ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು.

ಇನ್ನು ಕುಂಬಾರ ಹುಳ. ಬಳಸದೆ ಬಿಟ್ಟ ಸಾಕೆಟ್ಟಿನ ತೂತು, ಪೈಪಿನ ತೆರೆದ ಬಾಯಿ ಕಂಡರೆ ಅದು ಮಣ್ಣು ಮೆತ್ತಿ ಗೂಡು ಮಾಡುತ್ತದೆ. ಆ ಮಣ್ಣು ತೇವ ಹೀರಿದರೆ ಕರೆಂಟು ಸೋರುತ್ತದೆ. ಪೊರಕೆ ಕಡ್ಡಿಯಿಂದಾಗಲಿ ಪಿನ್ನಿನಿಂದಾಗಲಿ ಕೆದಕಬೇಡಿ. ಎಂಸಿಬಿ ಇಳಿಸಿ, ಸಾಕೆಟ್ ಬಿಚ್ಚಿಸಿಯೇ ತೆಗೆಯಬೇಕು. ಖಾಲಿ ಸಾಕೆಟ್ಟಿಗೆ ಪ್ಲಾಸ್ಟಿಕ್ ಮುಚ್ಚಳ ಹತ್ತಿಪ್ಪತ್ತು ರೂಪಾಯಿಗೆ ಸಿಗುತ್ತದೆ. ಪೈಪಿನ ಬಾಯಿಗೆ ಎಂಡ್ ಕ್ಯಾಪ್ ಹಾಕಿ.